ಬೀಸುವವಳ ಎರಡನೆಯ ಗೊಂಬೆ

ನನ್ನ ಅಣ್ಣ ಮಣ್ಣಿನಲ್ಲಿ ಮನುಷ್ಯರನ್ನು ಮಾಡುತ್ತಿದ್ದ. ಗೇಣುದ್ದದ ಗೊಂಬೆಗಳು. ಧಾರವಾಡದ ನಮ್ಮ ಓಣಿಯಲ್ಲಿ ತಿರುಗುವ ಮಂದಿಯೇ ಅವನ ಕೈಯಲ್ಲಿ ಗೊಂಬೆಯಾಗುತ್ತಿದ್ದರು: ಬಳೆಗಾರ, ಹತ್ತಿ ಹಿಂಜುವ ಪಿಂಜಾರ, ಮೊಸರಿನ ಗಡಿಗೆ ಹೊತ್ತ ಮುದುಕಿ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ ಎನ್ನುತ್ತಿದ್ದ, ಮಾಡುತ್ತಲೂ ಇರಲಿಲ್ಲ. ಊರಲ್ಲಿ ಅವನ ಈ ಮಾತಿಗೆ ಒಂದು ತೂಕವಿತ್ತು. ಅದನ್ನು ಕಳೆದವಳು ನಾನು.

ನಮ್ಮದು ಗಣಪತಿ ಮಾಡುವ ಮನೆ. ಅಪ್ಪನ ಕಾಲದಿಂದಲೂ ಅಟ್ಟದ ಮೇಲೆ ಸುಟ್ಟ ಮಣ್ಣಿನ ಅಚ್ಚುಗಳಿದ್ದವು. ಚೌತಿ ಹತ್ತಿರ ಬಂದಾಗ ಅವನ್ನು ಇಳಿಸಿ, ಮಣ್ಣು ಒತ್ತಿ, ಸಾಲುಸಾಲಾಗಿ ಗಣಪತಿ ತೆಗೆಯುತ್ತಿದ್ದೆವು. ಆದರೆ ಮನುಷ್ಯರ ಗೊಂಬೆಗೆ ಅಣ್ಣ ಅಚ್ಚು ಮುಟ್ಟುತ್ತಿರಲಿಲ್ಲ.

"ದೇವರಿಗೆ ಅಚ್ಚು ನಡೀತೈತಿ, ಅಂವ ಎಲ್ಲಾರ ಮನ್ಯಾಗೂ ಒಬ್ಬನ. ಮನಷ್ಯಾ ಒಂದ ಸಲ ಹುಟ್ಟತಾನ. ಅಂವಗ ಅಚ್ಚು ಹಾಕಬಾರದು" ಎನ್ನುತ್ತಿದ್ದ.

ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಗೊಂಬೆ ಒಣಗುವ ಮುಂಚೆ ಅದನ್ನು ತಿರುವಿ, ತಳಕ್ಕೆ ಬಲಗೈ ಹೆಬ್ಬೆರಳು ಒತ್ತುತ್ತಿದ್ದ. ಆ ಗುಳಿಯೇ ಅವನ ಸಹಿ.

ಈ ಗೊಂಬೆಗಳನ್ನು ಕೂಡಿಸುತ್ತಿದ್ದವರು ಊರಿನ ಒಬ್ಬ ನಿವೃತ್ತ ಹೆಡ್ ಮಾಸ್ತರರು. ಅಣ್ಣ ಅವರನ್ನು ರಾಯರು ಎನ್ನುತ್ತಿದ್ದ. ಅವರ ಮನೆಯಲ್ಲಿ ಗಾಜಿನ ಕಪಾಟಿತ್ತು. ವರ್ಷಕ್ಕೆ ಒಂದೋ ಎರಡೋ ಗೊಂಬೆ ಅದರೊಳಗೆ ಸೇರುತ್ತಿದ್ದವು. ಬಂದವರಿಗೆಲ್ಲ ಅವರು ತೋರಿಸಿ, "ಇದರ ಜೋಡಿ ಭೂಮಿ ಮ್ಯಾಲೆ ಎಲ್ಲೂ ಇಲ್ಲ" ಎಂದು ಹೇಳುತ್ತಿದ್ದರಂತೆ.

ನಾನು ಕನ್ನಡ ಸಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ ಅವ್ವ ಜ್ವರದಲ್ಲಿ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದ. ಸಾಲೆ ಬಿಟ್ಟು ಒಲೆ ಹಿಡಿದೆ. ಅಣ್ಣನಿಗೆ ಮಣ್ಣು ತುಳಿದು ಕೊಡುವುದೂ ನನ್ನ ಕೆಲಸವೇ ಆಯಿತು. ಐದಾರು ವರ್ಷದ ಮೇಲೆ ನನ್ನ ಲಗ್ನ ಗೊತ್ತಾಯಿತು. ಹುಡುಗ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ.

ಅದೇ ಬೇಸಿಗೆಯಲ್ಲಿ ಹೆಡ್ ಮಾಸ್ತರರು ಬೀಸುಕಲ್ಲಿನ ಮುಂದೆ ಕೂತು ಬೀಸುವ ಹೆಂಗಸಿನ ಗೊಂಬೆ ಕೇಳಿದ್ದರು. ಅಣ್ಣ ನಾಲ್ಕು ದಿನ ಕೂತು ಮಾಡಿದ. ಸುಟ್ಟು, ಬಣ್ಣ ಹಾಕಿ ನಡುಮನೆಯಲ್ಲಿಟ್ಟ. ನಾನು ನೋಡಿದೆ. ಒಂದು ಕಾಲು ಚಾಚಿ, ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಗೂಟ ಹಿಡಿದ ಕೈಯ ಕಡೆ ತಲೆ ಬಾಗಿಸಿ ಕೂತವಳು ನಮ್ಮ ಅವ್ವ.

"ಅಣ್ಣಾ, ಇದು ಅವ್ವ ಅಲ್ಲೇನ?"

"ಕೈ ತನ್ನಷ್ಟಕ್ಕ ತಾನ ಮಾಡೇತಿ. ನಾ ಏನ ಮಾಡ್ಲಿ."

"ಇದನ್ನ ನನಗ ಕೊಡು. ಗಂಡನ ಮನಿಗೆ ಒಯ್ಯತೇನಿ."

"ರಾಯರಿಗೆ ಮಾತ ಕೊಟ್ಟೇನಿ, ತಂಗಿ. ನಿನಗ ಬ್ಯಾರೆ ಏನರ ಮಾಡಿ ಕೊಡತೇನಿ" ಎಂದ.

"ಬ್ಯಾರೆ ಅವ್ವನ್ನ ಮಾಡತೀ ಏನ?" ಎಂದು ಚುಚ್ಚಿದೆ.

ಮರುದಿನ ಅವನು ಊರದೇವತೆ ದ್ಯಾಮವ್ವನ ಮೂರ್ತಿಗೆ ಬಣ್ಣ ಹಚ್ಚಲು ಉಪ್ಪಿನಬೆಟಗೇರಿಗೆ ಹೋದ. ಹದಿನೈದು ದಿನದ ಕೆಲಸ. ಬಂದ ಮೇಲೆ ರಾಯರಿಗೆ ಮುಟ್ಟಿಸುವುದೆಂದು ಗೊಂಬೆಯನ್ನು ಮನೆಯಲ್ಲೇ ಬಿಟ್ಟಿದ್ದ. ನಾನು ಅವ್ವನ ಮೈಗೆ ಎಣ್ಣೆ ಸವರಿ, ಮುಂದೊಂದು ಹಿಂದೊಂದು ಮಣ್ಣಿನ ಹೆಂಟೆ ಒತ್ತಿ ಅಚ್ಚು ತೆಗೆದೆ. ಅದನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟೆ. ಅದರೊಳಗೆ ಮಣ್ಣು ತುಂಬಿ ಇನ್ನೊಬ್ಬ ಅವ್ವನನ್ನು ಹೊರಗೆ ತೆಗೆದೆ. ತಳಕ್ಕೆ ಅಣ್ಣನ ಗುರುತು ಕದಿಯುವ ಧೈರ್ಯವಾಗಲಿಲ್ಲ, ಬರಿದೇ ಬಿಡಲೂ ಮನಸ್ಸು ಒಪ್ಪಲಿಲ್ಲ. ನನ್ನ ಹೆಬ್ಬೆರಳನ್ನೇ ಒತ್ತಿದೆ. ಒಣಗಿಸಿ, ಸುಟ್ಟು, ಅವನದೇ ಬಣ್ಣ ಹಾಕಿ ಸೀರೆಯ ಗಂಟಿನಲ್ಲಿ ಮುಚ್ಚಿಟ್ಟೆ. ಅಚ್ಚನ್ನು ಒಡೆದು ತಿಪ್ಪೆಗೆ ಹಾಕಿದೆ.

ಲಗ್ನವಾಯಿತು. ಹುಬ್ಬಳ್ಳಿಯಲ್ಲಿ ಅತ್ತೆ ನನ್ನ ಗಂಟು ಬಿಚ್ಚಿ ನೋಡಿ, "ತವರಿನಿಂದ ಏನ ತಂದಾಳಂದ್ರ ಮಣ್ಣ ತಂದಾಳ ನೋಡ್ರವಾ" ಎಂದು ನೆರೆಯವರೆದುರು ನಕ್ಕಳು. ಆ ನಗೆ ನನ್ನ ಎದೆಯಲ್ಲಿ ನಟ್ಟಿತ್ತು. ಅದಕ್ಕೇ ಚೌತಿಯಲ್ಲಿ ಗಣಪತಿಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಅವ್ವನನ್ನು ಕೂರಿಸಿದೆ.

ಹೆಡ್ ಮಾಸ್ತರರ ಮಗಳನ್ನು ಹುಬ್ಬಳ್ಳಿಗೇ ಕೊಟ್ಟಿದ್ದರು, ನಮ್ಮ ಮನೆಗೆ ಎರಡು ಓಣಿ ಆಚೆ. ಆಕೆ ಗಣಪತಿ ನೋಡಲು ಬಂದವಳು ಗೊಂಬೆಯ ಮುಂದೆ ನಿಂತುಬಿಟ್ಟಳು.

"ಇದು ನಮ್ಮಪ್ಪನ ಕಪಾಟಿನ್ಯಾಗ ಅದಲಾ! ನಿನಗ ಎಲ್ಲಿಂದ ಬಂತವಾ?"

ಅತ್ತೆ ಪಕ್ಕದಲ್ಲೇ ನಿಂತಿದ್ದಳು. "ನಮ್ಮಣ್ಣ ಮಾಡಿ ಕೊಟ್ಟಾನ್ರಿ, ತವರಿನ ಉಡುಗೊರಿ" ಎಂದೆ. ಅತ್ತೆಯ ಮುಖ ನೋಡಿ ಒಳಗೊಳಗೇ ಹಿಗ್ಗಿದೆ. ಅಪ್ಪನಿಗೆ ತೋರಿಸಿ ತರುತ್ತೇನೆ ಎಂದು ಆಕೆ ಗೊಂಬೆ ಕೇಳಿದಾಗ, ಅತ್ತೆಯೆದುರು ಬೇಡ ಎನ್ನಲಾಗದೆ ಕೊಟ್ಟೆ.

ಮಹಾನವಮಿಗೆ ನಾನು ತವರಿಗೆ ಬಂದಿದ್ದೆ. ಹೆಡ್ ಮಾಸ್ತರರು ಹೇಳಿಕಳಿಸಿದರು. ಹೊಸ ಗೊಂಬೆ ಕೇಳಲಿಕ್ಕೆ ಎಂದುಕೊಂಡು ಅಣ್ಣ ಖುಷಿಯಿಂದ ರುಮಾಲು ಸುತ್ತಿದ. "ನೀನೂ ಬಾರವಾ, ಅವರ ಕಪಾಟ ನೀ ನೋಡೇ ಇಲ್ಲ" ಎಂದ. ಬರುವುದಿಲ್ಲ ಎಂದೆ. ಕೇಳಲಿಲ್ಲ.

ಅಲ್ಲಿ ಮೇಜಿನ ಮೇಲೆ ಇಬ್ಬರು ಅವ್ವಂದಿರು ಅಕ್ಕಪಕ್ಕ ಕೂತಿದ್ದರು.

"ಬಾರಪಾ ಕಲಾವಂತಾ" ಎಂದರು ಹೆಡ್ ಮಾಸ್ತರರು. "ಒಬ್ಬಾಕಿಗೆ ಬೀಸಲಿಕ್ಕೆ ಭಾರ ಆತು ಅಂತ ಇನ್ನೊಬ್ಬಾಕಿನ್ನ ಕೂಡಿಸೀ ಏನು?"

ಅಣ್ಣ ಎರಡನ್ನೂ ಕೈಗೆತ್ತಿಕೊಂಡ. ನಾನು ಮಾಡಿದ್ದು ಒಂದು ಬೆರಳಿನಷ್ಟು ಗಿಡ್ಡ. ಅಚ್ಚಿನ ಮಣ್ಣೂ ಬೆಂಕಿಯಲ್ಲಿ ಕುಗ್ಗುತ್ತದೆ, ಅದರಲ್ಲಿ ಒತ್ತಿದ್ದೂ ಕುಗ್ಗುತ್ತದೆ. ಅಚ್ಚಿನಿಂದ ಹುಟ್ಟಿದ್ದು ಮೂಲದಷ್ಟು ಎಂದೂ ಆಗುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇ? ಗೊಂಬೆ ತಿರುವಿದ. ತಳದಲ್ಲಿ ಹುಡುಗಿಯ ಹೆಬ್ಬೆರಳಿನ ಸಣ್ಣ ಗುಳಿ. ಒಮ್ಮೆ ನನ್ನ ಕಡೆ ನೋಡಿದ. ನಾನು ತಲೆ ಎತ್ತಲಿಲ್ಲ.

"ನೀನ ಮಾಡಿಕೊಟ್ಟೀ ಅಂತ ನಿನ್ನ ತಂಗಿ ಹೇಳ್ಯಾಳಂತ. ಖರೇ ಏನು?"

"ಖರೇ ರಿ ರಾಯರ. ನಾನ ಕೊಟ್ಟೇನಿ."

"ಒಂದ ಮಾಡತೇನಿ ಅಂದಿದ್ದಿ."

"ಅಂದಿದ್ನಿರಿ. ತಪ್ಪಾತು."

"ಹಂಗಾದರ ಉಳದವುಗಳ ಜೋಡಿ ಎಲ್ಲೆಲ್ಲಿ ಅವ, ಯಾರಿಗೆ ಗೊತ್ತು?"

ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ನಾನು ಮುಂದೆ ಹೋಗಿ ಆ ಗುಳಿಯಲ್ಲಿ ನನ್ನ ಹೆಬ್ಬೆರಳು ಇಟ್ಟು ತೋರಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಸುದ್ದಿ ಹುಬ್ಬಳ್ಳಿಗೆ ಮುಟ್ಟುತ್ತದೆ, ಅತ್ತೆ ನನ್ನನ್ನು ಕಳ್ಳಿ ಎನ್ನುತ್ತಾಳೆ. ನಾನು ಯೋಚಿಸಿದ್ದು ಅಷ್ಟೇ. ಸೆರಗಿನ ಚುಂಗನ್ನು ಹೆಬ್ಬೆರಳಿಗೆ ಸುತ್ತುತ್ತ ನಿಂತೆ.

ಹೆಡ್ ಮಾಸ್ತರರು ತಾವೇ ಕಪಾಟು ತೆರೆದು, ಎಲ್ಲ ಗೊಂಬೆಗಳನ್ನೂ ಹಳೆಯ ಕಾಗದದಲ್ಲಿ ಸುತ್ತಿ ಬುಟ್ಟಿಗಿಟ್ಟರು. "ಅಚ್ಚಿನ ಗೊಂಬಿ ಪ್ಯಾಟ್ಯಾಗ ಬೇಕಾದಷ್ಟು ಸಿಗತಾವ" ಎಂದರು.

ಬುಟ್ಟಿ ಹೊತ್ತು ಬರುವಾಗ ಅಣ್ಣ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಮೂಗಿನ ಕಡೆ ಮಣ್ಣು ಸರಿ ಕೂತಿಲ್ಲ. ಅವ್ವನ ಮೂಗು ಹಂಗಿರಲಿಲ್ಲ." ಬೈದಿದ್ದರೆ ನಾನು ಅತ್ತು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನಾನು ಹುಬ್ಬಳ್ಳಿಗೆ ಹೊರಟ ದಿನ ದೊಡ್ಡ ಗೊಂಬೆಯನ್ನು ನನ್ನ ಗಂಟಿನಲ್ಲಿಟ್ಟ. ಸಣ್ಣದನ್ನು ತನ್ನ ಹತ್ತಿರವೇ ಇಟ್ಟುಕೊಂಡ.

ಆಮೇಲೆ ಅವನು ಮನುಷ್ಯರನ್ನು ಮಾಡಲಿಲ್ಲ. ಚೌತಿಗೆ ಗಣಪತಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಅಷ್ಟೇ. ಊರು ಅವನಿಗೆ 'ಜೋಡಿಗೊಂಬಿ' ಎಂದು ಹೆಸರಿಟ್ಟಿತು. ಸಂತೆಯಲ್ಲಿ ಯಾರಾದರೂ, "ಏ ಜೋಡಿಗೊಂಬಿ, ಎತ್ತನ್ನರ ಒಂದ ಮಾಡಿಯೋ, ಅದಕ್ಕೂ ತಮ್ಮ ಅದಾನೋ?" ಎಂದರೆ, "ಎತ್ತು ಜೋಡೀನ ಇರಬೇಕಲ್ರೀ" ಎಂದು ನಗುತ್ತಿದ್ದ. ಆ ನಗೆಯನ್ನು ನಾನು ನೋಡಿದ್ದೇನೆ. ಹೆಡ್ ಮಾಸ್ತರರು ತೀರಿಕೊಂಡರು. ಅವರ ಮಗಳ ಮನೆಯ ಮುಂದೆ ನಾನು ನೀರಿಗೆ ಹೋಗುವಾಗ ದಿನಾ ಹಾಯುತ್ತಿದ್ದೆ. ಹೇಳಬೇಕು ಎಂದುಕೊಂಡೇ ವರ್ಷಗಳು ಹೋದವು.

ಈ ವರ್ಷ ಅಣ್ಣನೂ ಹೋದ. ಅವನ ಪೆಟ್ಟಿಗೆಯಲ್ಲಿ ಆ ಸಣ್ಣ ಗೊಂಬೆ ಸಿಕ್ಕಿತು. ಮೂಗನ್ನು ಅವನು ತಿದ್ದಿರಲಿಲ್ಲ. ನಾನು ಮಾಡಿದ ಹಾಗೆಯೇ ಇತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೆಡ್ ಮಾಸ್ತರರ ಮಗಳ ಮನೆಗೆ ಹೋದೆ. ಆಕೆ ರೇಷನ್ನಿನ ಸಕ್ಕರೆ ಮುಗಿದಿದೆ ಎಂದು ಬೆಲ್ಲದ ಚಹಾ ಕೊಟ್ಟಳು. ಎಲ್ಲ ಹೇಳಿದೆ. ಗೊಂಬೆ ತಿರುವಿ, "ನೋಡ್ರಿ ಅಕ್ಕಾರ, ಇದು ನನ್ನ ಬೆರಳು" ಎಂದು ಹೆಬ್ಬೆರಳು ಇಟ್ಟೆ. ಗುಳಿಯಲ್ಲಿ ಹಿಡಿಸಲಿಲ್ಲ. ಬೀಸಿ ಕುಟ್ಟಿ ದಪ್ಪಗಾದ ಬೆರಳು ಅಂಚಿನಲ್ಲೇ ನಿಂತಿತು. ಮತ್ತೊಮ್ಮೆ ಒತ್ತಿದೆ.

ಆಕೆ ಮೆಲ್ಲಗೆ ನನ್ನ ಕೈ ಹಿಡಿದಳು. "ಬಿಡವಾ. ಸತ್ತ ಅಣ್ಣನ ಹೆಸರು ಉಳಸಬೇಕು ಅಂತ ಯಾವ ತಂಗಿಗೆ ಅನಸೂದಿಲ್ಲ? ಅದನ್ನೆಲ್ಲಾ ನಾವು ಮರತೇವಿ."

"ಖರೇ ಹೇಳಾಕತ್ತೇನ್ರಿ."

"ಹೌದವಾ, ಹೌದು. ಚಹಾ ಆರತದ, ಕುಡಿ."

ಕುಡಿದು ಬಂದೆ. ಆಕೆ ನಂಬಲಿಲ್ಲವೆಂದೇ ಮೂರನೇ ಇಯತ್ತೆಯ ಅಕ್ಷರದಲ್ಲಿ ಇಷ್ಟು ಬರೆದೆ. ಬೀಸುವವಳ ಎರಡನೆಯ ಗೊಂಬೆ ನನ್ನದು. ಅಣ್ಣ ಮಾಡಿದ್ದು ಒಂದೇ.