ಜೋಡಿ ಊರಿನ ಮೀನು ಪೇಟೆ

ಆ ಸಭೆ ಕೆಡಿಸಿದ್ದು ನಾನೇ. ಮನೆಯವರು ಇವತ್ತಿಗೂ ತಪ್ಪನ್ನು ನೀರಿನ ಲಾರಿಯ ಮೇಲೆ ಹಾಕುತ್ತಾರೆ, ನನ್ನ ಮರ್ಯಾದೆ ಉಳಿಸಲಿಕ್ಕೆ. ಅದೇನೂ ಬೇಕಾಗಿಲ್ಲ.

ನಮ್ಮದು ಉಡುಪಿ ಕಡೆಯ ಸಂಸಾರ. ಗಂಡ ಚೆನ್ನೈನ ರಾಯಪುರಂನಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟಿದ್ದರು. ಮದುವೆಯಾಗಿ ಬಂದವಳು ನಾನು ಅಲ್ಲಿ ಹಿಟ್ಟು ರುಬ್ಬುತ್ತಲೇ ಮುದುಕಿಯಾದೆ. ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ಮಾತ್ರ ಚೆನ್ನಾಗಿ ಓದಿಕೊಂಡಳು, ಅವಳಿಗೆ ಮೂರು ತಿಂಗಳ ಮಟ್ಟಿಗೆ ಒಂದು ಕೆಲಸವೂ ಸಿಕ್ಕಿತು. ಸಮುದ್ರದಾಚೆ ಚಳಿ ದೇಶದ ಯಾವುದೋ ಬಂದರು ನಮ್ಮ ಚೆನ್ನೈಗೆ ಜೋಡಿ ಊರಂತೆ. ಎರಡೂ ಕಡೆಯ ದೊಡ್ಡವರು ಕಾಗದಕ್ಕೆ ಸಹಿ ಹಾಕಿ ನಂಟು ಬೆಳೆಸಿದ್ದಾರೆ. ಆ ಊರು ಹೇಗಿದೆ ಎಂದು ಬೀದಿಬೀದಿಯ ಜನಕ್ಕೆ ತಿಳಿಸುವುದೇ ಅವಳ ಕೆಲಸ. ಮೊದಲ ಸಭೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ. ಅದು ಸರಿಹೋದರೆ ಉಳಿದ ಬೀದಿಗಳೂ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಅವಳ ಮೇಲಿನ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಹಿಂದಿನ ದಿನ ಅವಳು ನನ್ನ ಮುಂದೆ ನಿಂತು ಭಾಷಣ ಒಪ್ಪಿಸಿದಳು.

"ನಂಟು ನಂಟು ಅಂತೀಯಲ್ಲ ಮಾರಾಯ್ತಿ, ಆ ಊರಿನವರು ಒಬ್ಬರಾದ್ರೂ ನಮ್ಮಲ್ಲಿ ಕಾಪಿ ಕುಡಿದದ್ದು ಉಂಟಾ?" ಎಂದೆ.

"ಅಯ್ಯೋ ಪಾಟಿ, ಪೋದುಂ!" ಎಂದಳು. ಸಾಕು ಮಾಡು ಅಂತ. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಬಾಯಿ ಮುಚ್ಚಿಸುವುದು, ನಮ್ಮ ಮನೆಯ ರೂಢಿ.

ಸಭೆಗೆ ನಲವತ್ತು ಹೆಂಗಸರಾದರೂ ಬಂದಿದ್ದರು. ಬಿಸ್ಕತ್ತು ಕೊಡುತ್ತಾರೆಂದು ನಾನೇ ಹೇಳಿದ್ದೆ. ಗೋಡೆಯ ಮೇಲೆ ಚಿತ್ರ ಬಿಡತೊಡಗಿದರು. ಒಂದು ಸೇತುವೆ, ಒಂದು ಇಗರ್ಜಿ, ಮತ್ತೊಂದು ಸೇತುವೆ. ಮೊದಲ ಸಾಲಿನಲ್ಲಿ ಕೂತ ನನಗೇ ಆಕಳಿಕೆ ಬಂತು. ಗಡಿಯಾರದ ಗೋಪುರ ತೋರಿಸುತ್ತಿದ್ದಾಗ ಹೊರಗೆ ಲಾರಿಯ ಹಾರನ್ ಕೇಳಿಸಿತು.

ನಮ್ಮ ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾಯಿತು. ಲಾರಿಯ ನೀರು ನನಗೆ ಒಂದು ಚೊಂಬೂ ಬೇಡ. ಆದರೆ ಅದಕ್ಕಾಗಿ ಅರ್ಧ ಆಯುಷ್ಯ ಓಡಿದ ಕಾಲು ಕೇಳಬೇಕಲ್ಲ! "ತಣ್ಣಿ ಲಾರಿ ಬಂತು, ಏಳ್ರೇ!" ಎಂದು ಕೂಗಿ ಎಲ್ಲರಿಗಿಂತ ಮೊದಲು ನಾನೇ ಬಾಗಿಲು ದಾಟಿದ್ದೆ. ಹಿಂದೆಯೇ ಅಷ್ಟೂ ಜನ. ಭವನದಲ್ಲಿ ಉಳಿದದ್ದು ಮೇಡಂ, ಮೊಮ್ಮಗಳು ಮತ್ತು ಗಡಿಯಾರ.

ಬೀದಿಗೆ ಬಂದ ಮೇಲೆ ಬುದ್ಧಿ ಬಂತು. ವಾಪಸು ಹೋದೆ. ಮೇಡಂ ಬ್ಯಾಗಿಗೆ ಕಾಗದ ತುಂಬುತ್ತಿದ್ದರು. ಹುಡುಗಿಯ ಕಣ್ಣು ತುಂಬಿತ್ತು. ಎಲ್ಲರನ್ನೂ ಎಬ್ಬಿಸಿಕೊಂಡು ಹೋದವಳು ನೀನೇ ಎಂದು ತಮಿಳಿನಲ್ಲಿ ಬೈದಳು.

"ಹೌದು, ನಾನೇ. ಅದಕ್ಕೆ ಅಳುವುದೆಂತಕ್ಕೆ? ಜನ ಎಲ್ಲಿಗೂ ಹೋಗ್ಲಿಲ್ಲ. ಕೊಡ ತುಂಬುವವರೆಗೆ ಸಾಲು ಬಿಟ್ಟು ಕದಲುವವರಲ್ಲ ಅವರು. ಅಲ್ಲಿಗೇ ಬಾ. ನಿನ್ನ ಚೀಲದಲ್ಲಿ ಆ ಮೀನಿನ ಪಟ ಉಂಟಲ್ಲ, ತಗೋ."

ಆ ಊರಿನ ಮೀನು ಪೇಟೆಯ ಫೋಟೋ ಅದು, ಅಂಗೈಯಷ್ಟು. ಹಿಂದಿನ ದಿನ ನನಗೆ ತೋರಿಸಿದ್ದಳು. ನೋಡಲಿಕ್ಕೆ ಚಂದವಿಲ್ಲ ಎಂದು ಮೇಡಂ ಅದನ್ನು ಗೋಡೆಯ ಚಿತ್ರಗಳಿಂದ ತೆಗೆಸಿದ್ದರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಈ ಊರಲ್ಲಿ ಬಾಳಿದವಳು ನಾನು, ಆದರೂ ಅದನ್ನು ಹಿಡಿದುಕೊಂಡು ಹೋಗಿ ಸಾಲಿನಲ್ಲಿದ್ದ ಮೀನು ಮಾರುವವಳ ಮೂಗಿನ ಮುಂದೆ ಹಿಡಿದೆ.

"ಇದೇನು ಆಯಾ, ನೀನು ಯಾವಾಗ ಮೀನಿಗೆ ಇಳಿದೆ?" ಎಂದು ಅವಳು ನಕ್ಕಳು. ಆಯಾ ಅಂದರೆ ಇಲ್ಲಿ ಅಜ್ಜಿ. ಆಮೇಲೆ ಕೊಡ ಕೆಳಗಿಟ್ಟು ನೋಡಿದಳು. "ಈ ಹೆಂಗಸು ಮೊಣಕಾಲ ತನಕ ಬೂಟು ಹಾಕ್ಕೊಂಡು ಮಾರ್ತಾಳಲ್ಲಮ್ಮ! ಬಾಯಿ ನೋಡು, ನನಗಿಂತ ಜೋರು. ಏನು ಕೂಗ್ತಿದಾಳೆ?"

"ಹರಾಜು" ಎಂದಳು ಮೊಮ್ಮಗಳು. "ಬೆಳಕು ಹರಿಯೋ ಮುಂಚೆ ದೋಣಿ ಬರುತ್ತೆ. ದಡದಲ್ಲೇ ಹರಾಜು."

"ಕಿವಿರು ಎತ್ತಿ ನೋಡೋಕೆ ಬಿಡ್ತಾರಾ, ಇಲ್ಲ ಐಸಲ್ಲಿ ಮುಚ್ಚಿ ಹಳೇದು ತಳ್ತಾರಾ?"

ಅದಕ್ಕೂ ಹುಡುಗಿಯ ಹತ್ತಿರ ಉತ್ತರವಿತ್ತು. ಇಷ್ಟೆಲ್ಲ ತಿಳಿದುಕೊಂಡು ಸೇತುವೆ ತೋರಿಸುತ್ತ ಕೂತಿತ್ತು ಪೆದ್ದು! ಚಳಿಗಾಲದಲ್ಲಿ ಬಂದರಿನ ನೀರು ಹೆಪ್ಪುಗಟ್ಟಿದರೆ ದೋಣಿಗಳು ನಿಂತುಬಿಡುತ್ತವೆ ಎಂದಳು. ಆ ದಿನಗಳಲ್ಲಿ ಹೊಟ್ಟೆಗೇನು ಮಾಡುತ್ತಾರೆ ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಉಪ್ಪು ಹಾಕಿಟ್ಟ ಮೀನು ಎಂದಾಗ ಸಾಲಿಗೆ ಸಾಲೇ "ನಮ್ಮ ಕರುವಾಡು!" ಎಂದು ಕೂಗಿತು. ಒಣಮೀನಿಗೆ ಇಲ್ಲಿ ಹಾಗೆನ್ನುತ್ತಾರೆ. ಲಾರಿಯವನೂ ಪೈಪು ಹಿಡಿದುಕೊಂಡೇ ಬಗ್ಗಿ ಪಟ ನೋಡಿದ. ಯಾರದೋ ಕೊಡ ತುಂಬಿ ಚೆಲ್ಲಿತು, ಅವನು ನಾಲ್ಕು ಬೈಗುಳ ತಿಂದ.

ನಮ್ಮ ಹಿಂದೆಯೇ ಬಂದಿದ್ದ ಮೇಡಂ ಬ್ಯಾಗಿನಿಂದ ಹಾಜರಿ ಹಾಳೆ ಹೊರಗೆ ತೆಗೆದರು. ಹೆಂಗಸರು ಒದ್ದೆ ಕೈಯಲ್ಲೇ ಸಹಿ ಹಾಕಿ ಶಾಯಿಯನ್ನೆಲ್ಲ ಹರಿಸಿಬಿಟ್ಟರು. ಮೇಡಂ ಹಾಳೆಯನ್ನು ಗಾಳಿಗೆ ಬೀಸಿ ಒಣಗಿಸುತ್ತ ಮೊಮ್ಮಗಳಿಗೆ ಹೇಳಿದರು, "ಶನಿವಾರ ಪಕ್ಕದ ಬೀದಿ, ನೀನೇ ಮಾಡು. ಅಜ್ಜಿಯನ್ನೂ ಕರೆದುಕೊಂಡು ಬಾ. ಹಿಂದಿನ ಸಾಲಿನಲ್ಲಿ ಕೂರಿಸು."

ಹುಡುಗಿ ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು ನಕ್ಕಳು. ನನ್ನನ್ನು ತಬ್ಬಿಕೊಳ್ಳಲಿಕ್ಕೂ ಬಂದಳು. ಸೆಕೆ, ದೂರ ನಿಲ್ಲು ಎಂದೆ.

ಮಾರನೆಯ ಬೆಳಗ್ಗೆ ಕಾಫಿ ಕುಡಿದವಳೇ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರ್‌ಗೆ ಹೋದೆ. ಬ್ಯಾನರ್ ಅಂಗಡಿಯವನಿಗೆ ಆ ಫೋಟೋ ಕೊಟ್ಟು, ಬಾಗಿಲಿನಷ್ಟು ದೊಡ್ಡದು ಮಾಡು, ನೀರು ಬಿದ್ದರೂ ಹಾಳಾಗಬಾರದು ಎಂದೆ. ಯಾವ ಜಾತಿಯ ಮೀನಮ್ಮ ಇದು ಎಂದು ಕೇಳಿದ. ನನಗೇನು ಗೊತ್ತು, ಬೂಟು ಮಾತ್ರ ಚೆನ್ನಾಗಿ ಕಾಣಬೇಕು ಎಂದು ಹೇಳಿ, ಆಗುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತೆ.