ಹೆಣ್ಣಿಗೆ ಅರ್ಧ ಸೀರೆ

ಆಗೆಲ್ಲ ಕೊಯಮತ್ತೂರಿನ ಹತ್ತಿರದ ಸೋಮನೂರಿನ ಸುತ್ತ ಮಗ್ಗಕ್ಕೆ ಕರೆಂಟು ಬಂದಿರಲಿಲ್ಲ. ಕನ್ನಡ ಮಾತಾಡುವ ನೇಕಾರರ ನಮ್ಮ ಕೇರಿಯಲ್ಲಿ ಬೆಳಗಾಗುತ್ತಿದ್ದದ್ದೇ ಗಂಜಿಯ ಹುಳಿವಾಸನೆಯಿಂದ. ಬಿಸಿಲೇರುವ ಮುಂಚೆ ಗಂಡಸರು ಬೀದಿಯುದ್ದಕ್ಕೂ ನೂಲಿನ ಹಾಸು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಹೆಂಗಸರು ಬಾಗಿಲಲ್ಲೇ ರಾಟೆ ಹಾಕಿಕೊಂಡು ಕೂರುತ್ತಿದ್ದರು. ನನಗೆ ಒಂಬತ್ತು ವರ್ಷ. ಕಂಡಿಕೆಗೆ ನೂಲು ಸುತ್ತಿ ಮುಗಿಸಿದರೆ ಮಾತ್ರ ಹುಣಸೆಬೀಜದ ಆಟಕ್ಕೆ ಬಿಡುಗಡೆ. ಮಧ್ಯಾಹ್ನಕ್ಕೆ ಮಜ್ಜಿಗೆ ಬೆರೆಸಿದ ಕಂಬಿನ, ಅಂದರೆ ಸಜ್ಜೆಯ, ಕೂಳು, ಜೊತೆಗೆ ಕಚ್ಚಿಕೊಳ್ಳಲು ಒಂದು ಸಣ್ಣ ಈರುಳ್ಳಿ. ಆ ರುಚಿ ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಆ ವರ್ಷ ಆಷಾಢದ, ನಮ್ಮ ಕಡೆಯ ಆಡಿ ತಿಂಗಳ, ಗಾಳಿ ಪಾಲ್ಘಾಟಿನ ಕಡೆಯಿಂದ ನುಗ್ಗಿ ಬರುತ್ತಿದ್ದಾಗ ಅವ್ವನಿಗೆ ದಿನ ತುಂಬಿತು. ನಾನೊಬ್ಬಳೇ ಬದುಕಿದ ಮಗು. ನನ್ನ ಬೆನ್ನಿಗೆ ಬಂದ ಇಬ್ಬರೂ ಮಣ್ಣಾಗಿದ್ದರು. ಈ ಸಲ ಗಂಡೇ ಎಂದು ಅಪ್ಪ ನಂಬಿಬಿಟ್ಟಿದ್ದ.

ಕೇರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದವಳು ಪಾವಾಯಿ. ಅವಳ ಮಗ ಕೇರಿಯ ಗಂಡಸರಿಗೆ ಕ್ಷೌರ ಮಾಡುತ್ತಿದ್ದ. ಪಾವಾಯಿಯ ಮನೆಮಾತು ತಮಿಳು, ಆದರೆ ನಮ್ಮವರ ಹೆರಿಗೆ ಕೋಣೆಗಳಲ್ಲಿ ಕೂತು ಕೂತು ನಮ್ಮ ಕನ್ನಡ ಕಲಿತಿದ್ದಳು. ಕೇರಿಯ ಹೆಂಗಸರನ್ನೆಲ್ಲ ಮಾತ್ರ ತಮಿಳರ ಹಾಗೆ ಅಮ್ಮಿಣಿ ಎಂದೇ ಕರೆಯುತ್ತಿದ್ದಳು. ಅರವತ್ತರ ಹತ್ತಿರದ, ಸಣಕಲು ಮೈಯ, ಉದ್ದ ಬೆರಳುಗಳ ಹೆಂಗಸು. ಅವಳು ಬಂದರೆ ಬೆಳ್ಳುಳ್ಳಿ ಮತ್ತು ಹರಳೆಣ್ಣೆಯ ವಾಸನೆಯೂ ಬರುತ್ತಿತ್ತು.

ಅವಳ ಕೆಲಸಕ್ಕೆ ಕೂಲಿ ನಿಗದಿಯಾಗಿತ್ತು. ಒಂದು ಮೊರ ಅಕ್ಕಿ, ಬೆಲ್ಲ, ತೆಂಗಿನಕಾಯಿ, ತಲೆಗೆ ಎಣ್ಣೆ. ಅದರಲ್ಲಿ ಹೆಣ್ಣು ಗಂಡು ಎಂಬ ಭೇದವಿರಲಿಲ್ಲ. ಭೇದವಿದ್ದದ್ದು ಇನಾಮಿನಲ್ಲಿ. ಹನ್ನೊಂದನೆಯ ದಿನ ಬಾಣಂತಿಗೆ ನೀರು ಹಾಕಿ ಮುಗಿಸಿದ ಮೇಲೆ, ಗಂಡಾಗಿದ್ದರೆ ಅವಳಿಗೆ ಇಡೀ ಸೀರೆ, ಹೆಣ್ಣಾಗಿದ್ದರೆ ಅರ್ಧ. ಅದನ್ನೂ ಕೈಗೆ ಕೊಡುವಂತಿರಲಿಲ್ಲ. ಜಗುಲಿಯ ಮೇಲೆ ನಿಂತು ಅವಳ ಮಡಿಲಿಗೆ ಎಸೆಯಬೇಕು. ನಮ್ಮ ತಾಯಂದಿರ ಮೈಯೊಳಗೆ ಇಟ್ಟ ಕೈಯನ್ನು ಹೊರಗೆ ಬಂದ ಮೇಲೆ ಯಾರೂ ಮುಟ್ಟುತ್ತಿರಲಿಲ್ಲ. ಪಾವಾಯಿ ಎರಡು ಮನೆಗಳ ಎರಡು ಅರ್ಧ ಸೇರಿಸಿ ಹೊಲಿದು ಉಡುತ್ತಿದ್ದಳು. ಮುಂದೆ ಕೆಂಪು, ಹಿಂದೆ ಹಸಿರು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಅದರಲ್ಲೊಂದು ತುಂಡು ನಾನು ಹುಟ್ಟಿದ್ದಕ್ಕೆ ಕೊಟ್ಟದ್ದು ಎಂದು ನನಗೆ ಆಗ ಹೊಳೆದಿರಲಿಲ್ಲ.

ಅವ್ವನಿಗೆ ಏಳು ತಿಂಗಳಾದಾಗಲೇ ಅಪ್ಪ ಪಾವಾಯಿಗೆಂದು ಒಂದು ಸೀರೆ ನೇಯತೊಡಗಿದ. ಅರಿಶಿನ ಮೈ, ಅಂಗೈಯಗಲದ ಕೆಂಪಂಚು. ಅವಳನ್ನು ಕರೆಸಿ ಮಗ್ಗದ ಮುಂದೆ ನಿಲ್ಲಿಸಿ, "ನೋಡ್ಕೊ ಪಾವಾಯಿ. ಗಂಡು ಹಿಡ್ದು ಕೊಡು, ಇದು ನಿಂದು" ಎಂದ. ನೆರೆಯವರೆಲ್ಲ ಕೇಳಿಸಿಕೊಂಡರು. ಅವರಿಗೆ ಕೇಳಿಸಲೆಂದೇ ಅಪ್ಪ ಹೇಳಿದ್ದು.

ಹೆರಿಗೆ ಎರಡು ದಿನ ಹಿಡಿಯಿತು. ಮೊದಲ ದಿನ ಅವ್ವ ಕೂಗುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಕೂಗು ನಿಂತಿತು. ಅದಕ್ಕೇ ನಾನು ಹೆಚ್ಚು ಹೆದರಿದ್ದು. ಬಾಗಿಲ ಸಂದಿನಲ್ಲಿ ಕಣ್ಣಿಟ್ಟು ನೋಡಿದೆ. ಪಾವಾಯಿಯ ಕೈ ಮೊಣಕೈವರೆಗೂ ಕೆಂಪಾಗಿತ್ತು. ಅವ್ವನ ಬಾಯಲ್ಲಿ ಮಡಿಚಿದ ಬಟ್ಟೆ, ಕಣ್ಣು ಮೇಲಕ್ಕೆ ತಿರುಗಿ ಬರೀ ಬಿಳಿ ಕಾಣುತ್ತಿತ್ತು. "ಹೋಗ್ಬೇಡ ಅಮ್ಮಿಣಿ, ಹೋಗ್ಬೇಡ, ಇಲ್ಲೇ ಇರು" ಎನ್ನುತ್ತ ಪಾವಾಯಿ ಅವಳ ಕೆನ್ನೆಗೆ ಹೊಡೆದಳು, ಮತ್ತೆ ಹೊಡೆದಳು. ಅಡ್ಡ ತಿರುಗಿದ್ದ ಕೂಸನ್ನು ಒಳಗಿಂದಲೇ ತಿರುಗಿಸಿ ಎಳೆದಳು. ಹೊತ್ತು ಇಳಿಯುವಾಗ ಅಳು ಕೇಳಿಸಿತು. ಅಪ್ಪನ ತಾಯಿ, ನನ್ನಜ್ಜಿ, ಒಳಗೆ ಹೋಗಿ ನೋಡಿ, ಹೊರಗೆ ಬಂದು ಗೋಡೆ ಕಡೆ ಮುಖ ಮಾಡಿ ಕೂತಳು. ಅಪ್ಪನಿಗೆ ಅರ್ಥವಾಯಿತು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗಿಳಿದು, ಕತ್ತಲಾಗುವವರೆಗೂ ಲಾಳಿಯನ್ನು ಗೋಡೆಗೆ ಹೊಡೆದಂತೆ ಹೊಡೆಯುತ್ತಿದ್ದ.

ಹನ್ನೊಂದನೆಯ ದಿನ ಪಾವಾಯಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಅಂಗಳದಲ್ಲಿ ಬಂದು ನಿಂತಳು. ಅಜ್ಜಿ ಮೊರ ಇಟ್ಟಳು. ಅಪ್ಪ ಒಳಗಿನಿಂದ ಆ ಕೆಂಪಂಚಿನ ಸೀರೆ ತಂದು, ಎಲ್ಲರ ಮುಂದೆ ಎರಡಾಗಿ ಮಡಿಚಿ, ಮಡಿಕೆಯ ಗುಂಟ ಕತ್ತಿ ಎಳೆದ. ಒಂದು ತುಂಡು ಎಸೆದ. ಪಾವಾಯಿ ಮಡಿಲು ಒಡ್ಡಲಿಲ್ಲ. ಸೀರೆ ಮಣ್ಣಿಗೆ ಬಿತ್ತು.

"ಹೆಣ್ಣಿಗೆ ಅರ್ಧ. ತಗೊ."

"ಗಂಡು ಹೆಣ್ಣು ಮಾಡೋದು ನನ್ ಕೈಲಿಲ್ಲ ಸಾಮಿ," ಎಂದಳು ಪಾವಾಯಿ. ದನಿ ಏರಿರಲಿಲ್ಲ. "ಎಳ್ದು ಹೊರಗ್ ಹಾಕೋದೊಂದೇ ನನ್ ಕೈಲಿರೋದು. ಈ ಕೂಸು ಅಡ್ಡ ತಿರುಗಿತ್ತು. ನಿಮ್ ಹೆಂಡ್ತಿ ಹೋಗೇಬಿಟ್ಟಿದ್ಲು, ಹಿಡ್ದು ತಂದೆ. ಆ ಉಸ್ರಿಗೆ ಎಷ್ಟು ಸಾಮಿ? ಅದ್ಕೂ ಅರ್ಧಾನಾ?"

ಎದುರು ಜಗುಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಕೊಟ್ಟಿದ್ ತಗೊಂಡ್ ಹೋಗೋದ್ ಕಲಿ," ಅಪ್ಪ ಜಗುಲಿಯಿಂದ ಇಳಿದ. "ಇನಾಮು ಮನ್ಸಿದ್ರೆ ಕೊಡೋದು. ಕೇಳಿ ಈಸ್ಕೊಳ್ಳೋದಲ್ಲ."

"ನೀವ್ ಹುಟ್ಟಿದಾಗ ಕಾಲ್ ಮುಂದಾಗಿ ಬಂದ್ರಿ. ಮೈಯೆಲ್ಲ ನೀಲಿ. ಆಗ ಹೆರಿಗೆ ಮಾಡಿಸ್ತಿದ್ದ ನಮ್ಮತ್ತೇನೇ ಕೈ ಬಿಟ್ಲು. ಬಾಯಿಗೆ ಬಾಯಿಟ್ಟು ಊದಿದ್ದು ನಾನೇ. ಬೇಕಾದ್ರೆ ನಿಮ್ಮವ್ವನ್ನ ಕೇಳಿ."

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ನೆಲ ನೋಡಿದಳು. ಸುಳ್ಳಾದರೂ ಸರಿ, ಅವಳು ಇಲ್ಲ ಅಂದಿದ್ದರೆ ಅಪ್ಪ ಸುಮ್ಮನಾಗುತ್ತಿದ್ದನೇನೋ. ಬಾಗಿಲ ಪಕ್ಕ ಒರಗಿಸಿದ್ದ ಹಾಸು ಬಿಗಿಯುವ ಕೋಲು ಅವನ ಕೈಗೆ ಸಿಕ್ಕಿತು. ಮೊದಲ ಏಟಿಗೆ ಪಾವಾಯಿಯ ಹಣೆ ಸೀಳಿ ರಕ್ತ ಹುಬ್ಬಿನ ಮೇಲಿಂದ ಬಾಯಿಗೆ ಇಳಿಯಿತು. ಅವಳು ಕೂತಳು, ಆದರೆ ಕೈ ಅಡ್ಡ ಹಿಡಿಯಲಿಲ್ಲ. ಎರಡನೆಯ ಏಟಿಗೆ ಅಪ್ಪ ಕೋಲೆತ್ತಿದಾಗ, ಹನ್ನೊಂದು ದಿನದ ಬಾಣಂತಿ ಒದ್ದೆ ತಲೆಯಲ್ಲೇ ಓಡಿ ಬಂದು ನಡುವೆ ನಿಂತಳು.

"ಅವಳ್ನ ಹೊಡೀಬ್ಯಾಡ..." ಅವ್ವ ಅಷ್ಟೇ ಹೇಳಿದ್ದಳು. ಕೋಲು ಅವಳ ಎಡಗಿವಿಯ ಮೇಲೆ ಬಿತ್ತು.

ಆ ಸದ್ದನ್ನು ನಾನು ವರ್ಣಿಸಲಾರೆ. ಅವ್ವ ಗೋಡೆಗೆ ತಾಗಿ ಜಾರಿ ಕೂತಳು. ಕಿವಿಯಿಂದ ರಕ್ತ ಕುತ್ತಿಗೆಗೆ ಹರಿಯಿತು. ಅಪ್ಪ ನಿಲ್ಲಿಸಲಿಲ್ಲ. ಆಗ ನಾನು ಹಾರಿ ಅವನ ಮಣಿಕಟ್ಟಿಗೆ ಹಲ್ಲು ಹಾಕಿದೆ. ಮೊದಲು ಗಂಜಿಯ ರುಚಿ, ಆಮೇಲೆ ಉಪ್ಪು. ಬಿಡಲಿಲ್ಲ. ಅವನು ಕೈ ಝಾಡಿಸಿದ ರಭಸಕ್ಕೆ ನಾನು ಹೊಸ್ತಿಲು ದಾಟಿ, ಬಾಗಿಲ ಬಳಿಯೇ ಇದ್ದ ಮಗ್ಗದ ಗುಂಡಿಯೊಳಗೆ ಹೋಗಿ ಬಿದ್ದೆ. ತುಳಿಯುವ ಹಲಗೆಗೆ ಬಡಿದು ಎಡಗೈ ಮುರಿಯಿತು.

ನನ್ನನ್ನು ಗುಂಡಿಯಿಂದ ಎತ್ತಿದವಳು ಪಾವಾಯಿಯೇ. ಅವಳ ಹಣೆಯ ರಕ್ತ ನನ್ನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಮಣ್ಣಲ್ಲಿ ಬಿದ್ದಿದ್ದ ಆ ಅರ್ಧ ಸೀರೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಂದು ಪಟ್ಟಿ ಅವ್ವನ ತಲೆಗೆ, ಒಂದು ತನ್ನ ಹಣೆಗೆ. ಎರಡು ಬಿದಿರುಕಡ್ಡಿ ಇಟ್ಟು ನನ್ನ ಕೈಗೆ ಸುತ್ತಿದ್ದು ಕೆಂಪಂಚಿನ ಪಟ್ಟಿ. ಆಮೇಲೆ ಕೂಸನ್ನು ತಂದು ಅವ್ವನ ಎದೆಗೆ ಹಚ್ಚಿ, ಮೊರವನ್ನು ಅಲ್ಲೇ ಬಿಟ್ಟು ಹೊರಟಳು. ಅಪ್ಪ ಅಂಗಳದಲ್ಲಿ ಕೋಲು ಹಿಡಿದೇ ನಿಂತಿದ್ದ. ಯಾರನ್ನು ಹೊಡೆಯಬೇಕೆಂದು ಮರೆತವನ ಹಾಗೆ.

ಮಾರನೆಯ ದಿನದಿಂದ ಅವಳ ಮಗ ನಮ್ಮ ಕೇರಿಗೆ ಕಾಲಿಡಲಿಲ್ಲ. ಅಕ್ಕಪಕ್ಕದ ಊರಿನ ಅವರ ನೆಂಟರೂ ಬರಲಿಲ್ಲ. ಎರಡು ವಾರಕ್ಕೆ ಕೇರಿಯ ಗಂಡಸರ ಗಡ್ಡವೆಲ್ಲ ಬೆಳೆಯಿತು. ಒಂದು ಸಾವಾಯಿತು. ತಲೆ ಬೋಳಿಸುವವರಿಲ್ಲದೆ ಕರ್ಮ ನಿಂತಿತು. ಎದುರು ಮನೆಯ ಸೊಸೆಗೆ ದಿನ ತುಂಬುತ್ತಿತ್ತು. ಆಗ ಕೇರಿಯ ಹಿರಿಯರಿಗೆ ನ್ಯಾಯ ನೆನಪಾಯಿತು.

ಬೇವಿನ ಮರದ ಕೆಳಗೆ ಎಲ್ಲರನ್ನೂ ಸೇರಿಸಿದರು. ನಾನು ಕೈ ಕಟ್ಟಿಸಿಕೊಂಡೇ ಹೋಗಿ ಅಜ್ಜಿಯ ಪಕ್ಕ ಕೂತೆ. ಹಿರಿಯರು ಅಪ್ಪನನ್ನು ಬೈದರು. ಊರಿಗೆ ಬೇಕಾದವಳ ಮೇಲೆ ಕೈ ಮಾಡಿದ್ದು ತಪ್ಪು, ಇಡೀ ಸೀರೆಯೊಂದನ್ನು ಎಲೆ ಅಡಿಕೆಯ ಜೊತೆ ಕೈಗೇ ಕೊಡಬೇಕು ಎಂದರು. ಅಪ್ಪ ತಲೆ ತಗ್ಗಿಸಿ ಕೊಟ್ಟ. ನಮ್ಮ ಕೇರಿಯಲ್ಲಿ ಅವಳ ಕೈಗೆ ಯಾರಾದರೂ ಕೊಟ್ಟದ್ದು ಅದೇ ಮೊದಲು.

ಪಾವಾಯಿ ತೆಗೆದುಕೊಂಡಳು. ಬಡವಿ, ಯಾಕೆ ಬಿಟ್ಟಾಳು? ಕಂಕುಳಲ್ಲಿಟ್ಟುಕೊಂಡು, ಹಿರಿಯರ ಕಡೆ ತಿರುಗಿ ಕೇಳಿದಳು:

"ನಂಗೆ ಬಿದ್ದ ಏಟಿಗೆ ಇದಾಯ್ತು ಸಾಮಿ. ಆ ಅಮ್ಮಿಣಿ ಕಿವಿಗೆ ಏನ್ ಕೊಡಿಸ್ತೀರಾ?"

ಒಬ್ಬರು ಎಲೆಗೆ ಸುಣ್ಣ ಹಚ್ಚಿಕೊಂಡರು. "ಅದು ಅವರ ಮನೆ ವಿಷ್ಯ" ಎಂದು ಇನ್ನೊಬ್ಬರು ಎದ್ದು ಪಂಚೆ ಕೊಡವಿಕೊಂಡರು. ನ್ಯಾಯ ಮುಗಿಯಿತು. ಎದುರು ಮನೆಯ ಸೊಸೆಗೆ ಪಾವಾಯಿಯೇ ಹೆರಿಗೆ ಮಾಡಿಸಿದಳು.

ಅವ್ವನ ಎಡಗಿವಿ ಮತ್ತೆ ಕೇಳಿಸಲಿಲ್ಲ. ಅಪ್ಪ ಮತ್ತೆ ಅವಳ ಮೇಲೆ ಕೈ ಎತ್ತಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಮಾತಾಡಬೇಕಾದಾಗ ಸುತ್ತಿ ಬಂದು ಅವಳ ಬಲಕ್ಕೆ ನಿಲ್ಲುತ್ತಿದ್ದ, ಸಾಯುವವರೆಗೂ ಅಷ್ಟೇ. ನನ್ನ ಎಡಗೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ತಂಗಿ ಬದುಕಿದಳು, ಗಟ್ಟಿಗಿತ್ತಿಯಾದಳು. ತನ್ನ ಹುಟ್ಟಿನ ಕತೆ ಹೇಳಿದರೆ ನಂಬುವುದೇ ಇಲ್ಲ.

ಆ ಕಾಲ ಹೋದದ್ದಕ್ಕೆ ನಾನು ಅಳುವುದಿಲ್ಲ. ಆ ಕೋಲು, ಆ ಎಸೆಯುವ ಕೈ ಹೋಗಲಿ. ಆದರೆ ಬೀದಿಯಲ್ಲಿ ನಮ್ಮನ್ನು ತಡೆದು, "ನಿನ್ನ ತಲೆ ಎಷ್ಟು ದೊಡ್ಡದಿತ್ತು ಗೊತ್ತಾ, ನಿಮ್ಮವ್ವನ್ನ ಕೊಂದೇ ಹಾಕ್ತಿದ್ದೆ" ಎಂದು ನಕ್ಕು ನೆತ್ತಿ ಸವರುತ್ತಿದ್ದವಳೊಬ್ಬಳು ಇದ್ದಳಲ್ಲ. ಹತ್ತು ಜನ ಗಂಡಸರ ಮುಂದೆ ನಿಂತು, ತನ್ನದಲ್ಲದ ಕಿವಿಗೆ ಲೆಕ್ಕ ಕೇಳಿದವಳು. ಅಂಥವಳು ಈಗ ಎಲ್ಲಿ?

ಹೋದ ವರ್ಷ ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳಿಗೆ ಹೆಣ್ಣು ಹುಟ್ಟಿತು. ಕೂಸನ್ನು ತೊಳೆದು ತಂದ ಆಯಾ, ಗಂಡಾದರೆ ಜಾಸ್ತಿ ಕೊಡುತ್ತಾರೆ, ಹೆಣ್ಣಲ್ಲವಾ, ನಿಮ್ಮ ಮನಸು ಎಂದು ತಮಿಳಿನಲ್ಲಿ ಹೇಳಿ ಕೈ ಚಾಚಿದಳು. ಗಂಡಿಗೆ ಕೊಡುವುದಕ್ಕಿಂತ ಹೆಚ್ಚಿನದನ್ನು ಆ ಕೈಯಲ್ಲಿಟ್ಟು, ಕೈಯನ್ನು ಹಿಡಿದುಕೊಂಡೇ ಕೇಳಿದೆ, "ನಿನ್ನ ಹೆಸರೇನಮ್ಮಾ?"

ಅವಳು ಕೈ ಎಳೆದುಕೊಂಡಳು. "ಹೆಸರು ಯಾಕಮ್ಮಾ? ದುಡ್ಡು ಕೇಳಿದೆ ಅಂತ ಕಂಪ್ಲೇಂಟ್ ಕೊಡ್ತೀರಾ?" ಎಂದವಳು ನೋಟುಗಳನ್ನು ನನ್ನ ಕೈಗೇ ವಾಪಸು ತುರುಕಿ, ನಾನು ಕೂಗುತ್ತಿದ್ದರೂ ತಿರುಗಿ ನೋಡದೆ ಹೊರಟುಹೋದಳು.