ದೊಡ್ಡವ್ವನ ಹೆಸರಿನಲ್ಲಿ ನಾನು ಬರೆದ ಉತ್ತರಗಳು

ತಮಿಳುನಾಡಿನ ಚಿನ್ನಾಳಪಟ್ಟಿಯಲ್ಲಿ ಸೀರೆ ಮಾರುತ್ತಿದ್ದ ಒಬ್ಬ ಹೆಂಗಸಿನ ಪರವಾಗಿ ಎರಡು ವರ್ಷ ನಾನು ಅವರ ಪೇಜ್‌ನಲ್ಲಿ ಬರೆದೆ. ಅವರ ಹೆಸರಿನಲ್ಲಿ, ಅವರ ಮಾತಿನ ಧಾಟಿಯಲ್ಲಿ, ‘ನಾನು’ ಎಂದೇ ಬರೆದೆ. ಈಗ ಅವರಿಲ್ಲ. ಅವರು ನನಗೆ ತಾಯಿಯಲ್ಲ, ನಂಟರಲ್ಲ, ನಮ್ಮ ಜಾತಿಯವರೂ ಅಲ್ಲ. ತಿಂಗಳಿಗಿಷ್ಟು ಎಂದು ಮಾತಾಡಿಕೊಂಡು ಕೆಲಸ ಕೊಟ್ಟವರು. ಆದರೂ ಅವರು ಹೋದ ಮೇಲೆ ನನಗೆ ಆದದ್ದನ್ನು ಯಾರಿಗಾದರೂ ಹೇಳಬೇಕೆನಿಸುತ್ತದೆ.

ನಮ್ಮದು ತೇವಾರಂ ಕಡೆಯ ಬೇಸಾಯದ ಮನೆ. ಮನೆಯೊಳಗೆ ‘ಹೇಳು’ ಎನ್ನಲು ‘ಏಳು’ ಎನ್ನುವ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ವಯಸ್ಸಿನವರಿಗೆ ಮನೆಮಾತು ಕಿವಿಗೆ ಗೊತ್ತು, ನಾಲಿಗೆಗೆ ಅಷ್ಟಾಗಿ ಗೊತ್ತಿಲ್ಲ. ನಾನು ಕನ್ನಡದ ಅಕ್ಷರ ಕಲಿತದ್ದು ಮೈಸೂರಿನಲ್ಲಿ ಓದಿದ ಕಾಲದಲ್ಲಿ. ಆಮೇಲೆ ಕೊಯಮತ್ತೂರಿನ ಜಾಹೀರಾತು ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಅದು ಮುಚ್ಚಿದಾಗ ಊರಿಗೆ ಮರಳಿ, ಬೋಡಿನಾಯಕನೂರಿನಲ್ಲಿ ಏಲಕ್ಕಿ ಅಂಗಡಿಯೊಂದರ ಮಹಡಿಯಲ್ಲಿ ಸಣ್ಣ ಕೋಣೆ ಹಿಡಿದೆ. ಅಂಗಡಿ, ಹೋಟೆಲು, ನರ್ಸರಿಯವರ ಸೋಷಿಯಲ್ ಮೀಡಿಯಾ ಪೇಜ್‌ಗಳನ್ನು ನೋಡಿಕೊಳ್ಳುವುದು ಎಂದುಕೊಂಡೆ.

ಈ ಕೆಲಸವನ್ನು ಅಪ್ಪನಿಗೆ ತಿಳಿಸುವುದೇ ಕಷ್ಟವಾಯಿತು. “ಅಂಗಡಿಯವರ ಬದಲು ನಾನು ಫೋನಿನಲ್ಲಿ ಮಾತಾಡ್ತೀನಪ್ಪಾ” ಎಂದೆ.

“ಯಾಕೆ, ಅವರ್ಗೆ ಬಾಯಿಲ್ವಾ?” ಎಂದರು.

ಬೆಲೆ ಹೇಳುವುದು ಅದಕ್ಕಿಂತ ಕಷ್ಟ. ಕೊಯಮತ್ತೂರಿನಲ್ಲಿ ಮೂರು ಪ್ಯಾಕೇಜ್ ಇರುತ್ತಿದ್ದವು, ಚಿಕ್ಕದು, ನಡುವಿನದು, ದೊಡ್ಡದು. ನಾನೂ ಹಾಗೇ ಬಣ್ಣಬಣ್ಣದ ಹಾಳೆ ಮುದ್ರಿಸಿಕೊಂಡು ಹೋದೆ. ಕೆಳಗಿನ ಏಲಕ್ಕಿ ವ್ಯಾಪಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಒಂದು ಫೋಟೋಗೆ ಎಷ್ಟು? ಅದನ್ನ ಏಳು” ಎಂದರು. ಇನ್ನೊಬ್ಬರು, ಸರಕು ಮಾರಿದರೆ ಕೊಡುತ್ತೇನೆ ಎಂದರು. ಹಾಳೆಗಳನ್ನು ಮೂಲೆಗಿಟ್ಟೆ. ಪ್ರತಿ ಅಂಗಡಿಯಲ್ಲಿ ಅರ್ಧ ದಿನ ಕೂತು, ಎಷ್ಟು ವೀಡಿಯೋ ಬೇಕು, ಯಾರು ಮಾತಾಡುತ್ತಾರೆ, ಎಡಿಟಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ, ಬಸ್ಸಿನ ಖರ್ಚೆಷ್ಟು ಎಂದು ನೋಡಿಕೊಂಡು ಒಂದೇ ಬೆಲೆ ಹೇಳತೊಡಗಿದೆ. ಆಗ ಕೆಲಸ ಸಿಕ್ಕಿತು.

ಚಿನ್ನಾಳಪಟ್ಟಿಯ ಕೆಲಸ ಬಂದದ್ದು ಅವರ ಮಗನಿಂದ. ತೇನಿಯ ಹೋಟೆಲೊಂದಕ್ಕೆ ನಾನು ಮಾಡಿದ ವೀಡಿಯೋ ನೋಡಿ ಫೋನ್ ಮಾಡಿದ್ದರು. ವತ್ತಲಗುಂಡು ದಾಟಿ ಸೆಂಪಟ್ಟಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಹೋದೆ. ಬೀದಿಯಲ್ಲಿ ಎರಡೂ ಕಡೆ ಮಗ್ಗದ ಸದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಚುಕ್ಕಿ ಚುಕ್ಕಿಯ ಸುಂಗುಡಿ ಸೀರೆಗಳು ಗೋಡೆಯುದ್ದಕ್ಕೂ. ಮಗ ತಮಿಳಿನಲ್ಲಿ ನನ್ನ ಊರು ಕೇಳಿ, ಒಳಗೆ ತಿರುಗಿ ತಾಯಿಗೆ ಕನ್ನಡದಲ್ಲಿ ಹೇಳಿದರು. ನಾನು ನಕ್ಕೆ. ಅಷ್ಟಕ್ಕೇ ಅವರಿಗೆ ಗೊತ್ತಾಯಿತು.

“ನಮ್ಮ ಮಾತು ಗೊತ್ತಾ ನಿಂಗೆ?” ಎನ್ನುತ್ತ ತಾಯಿ ಒಳಗಿನಿಂದ ಬಂದರು. ಅರವತ್ತರ ಆಸುಪಾಸು, ಗಟ್ಟಿ ದೇಹ, ಅದಕ್ಕಿಂತ ಗಟ್ಟಿ ದನಿ. “ಬಾವ್ವಾ, ಕೂತ್ಕೋ. ಉಂಡ್ಯಾ?”

ಅವರದು ನೇಯ್ಗೆಯವರ ಕನ್ನಡ, ನಮ್ಮದು ಹೊಲದವರ ಕನ್ನಡ. ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ನಾನು ತಮಿಳಿಗೆ ಜಾರಿದರೆ ಅವರು ಬಿಡುತ್ತಿರಲಿಲ್ಲ. “ನಮ್ಮದ್ರಲ್ಲಿ ಏಳು. ತಪ್ಪಾದ್ರೆ ಆಗ್ಲಿ” ಎನ್ನುತ್ತಿದ್ದರು. ಮೊದಲ ದಿನವೇ ನಾನು ಅವರನ್ನು ದೊಡ್ಡವ್ವ ಎಂದೆ.

ಬೆಲೆಯ ಮಾತಿಗೆ ಬಂದಾಗ ಮಾತ್ರ ದೊಡ್ಡವ್ವ ಪಕ್ಕಾ ವ್ಯಾಪಾರಿ. ತಿಂಗಳಿಗೆ ಎಂಟು ಸಾವಿರ ಎಂದೆ. ಅವರು ಕೆನ್ನೆಗೆ ಕೈ ಹಚ್ಚಿ ಕೂತರು. “ಎಂಟು ಆಗಲ್ಲ ಕಣವ್ವ. ನಮ್ಮೋಳು ನೀನು. ಐದು ತಕ್ಕೋ.” ಕೊನೆಗೆ ಆರಕ್ಕೆ ನಿಂತಿತು. ಕೇಳಿದವರಿಗೆ ಉತ್ತರ ಬರೆಯುವುದು ಅದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ದರ ಎಂದು ಹೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಬದಿಲು ಏಳಕ್ಕೂ ಕಾಸಾ? ಬಂದೋರ ಜೊತೆ ಮಾತಾಡಕ್ಕೆ ಯಾರಾದ್ರೂ ಕಾಸು ಕೇಳ್ತಾರಾ?”

ನನಗೆ ವಾದಿಸಲು ಮನಸ್ಸಾಗಲಿಲ್ಲ. ಉತ್ತರಗಳನ್ನೂ ಆ ಆರು ಸಾವಿರದಲ್ಲೇ ಸೇರಿಸಿಕೊಂಡೆ.

ಮೊದಲ ವೀಡಿಯೋದಲ್ಲಿ ನಾನು ಬರೆದುಕೊಟ್ಟ ಮಾತುಗಳನ್ನು ಓದಿದಾಗ ದೊಡ್ಡವ್ವ ಮರದ ಗೊಂಬೆಯ ಹಾಗೆ ಕಂಡರು. ಎರಡನೆಯ ಸಲ ಹೋದಾಗ ಅವರು ಒಂದು ಸೀರೆಯ ಅಂಚಿನಲ್ಲಿ ಬಣ್ಣ ಕಲೆಯಾದದ್ದನ್ನು ನೋಡಿ ಬೈಯುತ್ತಿದ್ದರು. ನಾನು ಕ್ಯಾಮೆರಾ ಹಚ್ಚಿ, “ಇದನ್ನೇ ತಮಿಳಿನಲ್ಲಿ ಹೇಳಿ” ಎಂದೆ. ಅವರು ಕಲೆಯನ್ನು ಬೆರಳಿನಿಂದ ತೋರಿಸಿ, ಇದು ಕೆಟ್ಟಿದೆ, ಬೇಕಾದವರು ಕಮ್ಮಿಗೆ ತಕ್ಕೊಳ್ಳಿ, ಆಮೇಲೆ ನನ್ನನ್ನು ಬೈಬೇಡಿ ಎಂದರು. ಅದನ್ನೇ ಹಾಕಿದೆ. ಜನ ಆ ಹೆಂಗಸನ್ನು ನೋಡಲೆಂದೇ ಪೇಜಿಗೆ ಬರತೊಡಗಿದರು. ಕಲೆಯ ಸೀರೆಗೆ ಒಂಬತ್ತು ಹತ್ತು ಮಂದಿ ಮುಗಿಬಿದ್ದರು.

ಅಲ್ಲಿಂದ ಉತ್ತರ ಬರೆಯುವುದೇ ದೊಡ್ಡ ಕೆಲಸವಾಯಿತು. ಪೇಜಿಗೆ ಬಂದ ಪ್ರಶ್ನೆಗಳನ್ನು ಬೆಳಿಗ್ಗೆ ಎದ್ದು ನಾನು ಅವರಿಗೆ ಓದಿ ಕಳಿಸುವುದು, ಅವರು ವಾಯ್ಸ್ ಮೆಸೇಜ್‌ನಲ್ಲಿ ಕನ್ನಡದಲ್ಲಿ ಹೇಳುವುದು, ನಾನು ತಮಿಳಿಗೆ ತಿರುಗಿಸಿ ಹಾಕುವುದು. ಬೆಲೆ ಕೇಳಿದವರಿಗಿಂತ ಬೇರೆ ಏನೇನೋ ಕೇಳಿದವರೇ ಹೆಚ್ಚು. ಹೊಸೂರಿನ ಒಬ್ಬಾಕೆ, ಅತ್ತೆಯ ಅರವತ್ತರ ಶಾಂತಿಗೆ ಯಾವ ಬಣ್ಣ ಕೊಟ್ಟರೆ ಮುನಿಸಿಕೊಳ್ಳುವುದಿಲ್ಲ ಎಂದು ಕೇಳಿದಳು. “ಯಾವ ಬಣ್ಣ ಕೊಟ್ಟರೂ ಮುನ್ಸ್ಕೊತಾಳೆ. ನಿಂಗೆ ಇಷ್ಟವಾದ್ದು ಕೊಡು ಅಂತ ಆಕು” ಎಂದು ದೊಡ್ಡವ್ವ ನಕ್ಕರು. ದೂರದೇಶದಲ್ಲಿ ನರ್ಸ್ ಆಗಿದ್ದವಳೊಬ್ಬಳು ದಿನ ಬಿಟ್ಟು ದಿನ ಬರೆಯುತ್ತಿದ್ದಳು, ಸೀರೆ ಕೊಂಡದ್ದು ಒಂದೇ. “ಅವಳಿಗೆ ಅಲ್ಲಿ ಯಾರಿಲ್ಲ, ಪಾಪ. ಏನು ಬೇಯ್ಸಿದೆ ಅಂತ ಕೇಳು.”

ಹೀಗೆ ಬರೆಯುತ್ತ ಬರೆಯುತ್ತ ಅವರು ಏನು ಹೇಳುತ್ತಾರೆಂದು ನನಗೆ ಮೊದಲೇ ತಿಳಿಯತೊಡಗಿತು. ಅವರಿಗೆ ಕೆಲಸವಿದ್ದ ದಿನ ನಾನೇ ಬರೆದು, ಆಮೇಲೆ ಓದಿ ಹೇಳುತ್ತಿದ್ದೆ. “ನಾನೂ ಅದನ್ನೇ ಏಳ್ತಿದ್ದೆ” ಎನ್ನುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಹಿಗ್ಗುತ್ತಿದ್ದೆನೋ!

ಎರಡನೆಯ ವರ್ಷದ ಬೇಸಿಗೆಯಲ್ಲಿ ಕೆಮ್ಮು ಶುರುವಾಯಿತು. ಧೂಳು ಎಂದರು, ಬಿಸಿಲು ಎಂದರು. ಮಾತಿನ ನಡುವೆ ಕೆಮ್ಮು ಬಂದಾಗ ಸೆರಗು ಬಾಯಿಗೊತ್ತಿಕೊಂಡು, “ಇದನ್ನ ತೆಗ್ದಾಕವ್ವ, ನೋಡೋರ್ಗೆ ಚೆನ್ನಾಗಿರಲ್ಲ” ಎನ್ನುತ್ತಿದ್ದರು. ನಾನು ತೆಗೆಯುತ್ತಿದ್ದೆ. ಆದರೆ ಎಡಿಟಿಂಗ್‌ನಲ್ಲಿ ಒಂದೇ ಕೆಮ್ಮನ್ನು ಹತ್ತು ಸಲ ಕೇಳಬೇಕಾಗುತ್ತದೆ. ಅದು ಸಾಮಾನ್ಯ ಕೆಮ್ಮಲ್ಲ ಎನಿಸಿ ಮನಸ್ಸು ತಡೆಯಲಿಲ್ಲ. ಮಗನಿಗೆ ಹೇಳಿದೆ. ಮಗ, ಸೊಸೆ, ನಾನು ಮೂವರೂ ಬೆನ್ನು ಹತ್ತಿ ಅವರನ್ನು ದಿಂಡಿಗಲ್ಲಿಗೆ, ಅಲ್ಲಿಂದ ಮಧುರೆಗೆ ಕರೆದುಕೊಂಡು ಹೋದೆವು. ಶ್ವಾಸಕೋಶದಲ್ಲಿ ಗಡ್ಡೆ. ತಡವಾಗಿದೆ ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ದೊಡ್ಡವ್ವ ಕೇಳಿದ್ದು ಒಂದೇ. “ಪೇಜಲ್ಲಿ ಏನು ಆಕ್ತೀಯ?”

“ನೀವು ಹೇಳಿದ್ದು ಹಾಕ್ತೀನಿ ದೊಡ್ಡವ್ವ.”

“ಊರಿಗೆ ಓಗಿವ್ನಿ, ಬತ್ತೀನಿ ಅಂತ ಆಕು. ಅವರ್ಗೆಲ್ಲ ಅವರವರ ಕಷ್ಟವೇ ಸಾಕಷ್ಟು ಅದೆ.”

ಆಮೇಲೆ ಅವರು ಕ್ಯಾಮೆರಾದ ಮುಂದೆ ಬರಲಿಲ್ಲ. ನಾನು ಸೀರೆಗಳನ್ನಷ್ಟೇ ತೋರಿಸಿ, ಹಿಂದೆ ಚಿತ್ರೀಕರಿಸಿಟ್ಟಿದ್ದ ಅವರ ತುಣುಕುಗಳನ್ನು ನಡುನಡುವೆ ಸೇರಿಸುತ್ತಿದ್ದೆ. ಚಿನ್ನಾಳಪಟ್ಟಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಚಿತ್ರೀಕರಣವಿಲ್ಲದಿದ್ದರೂ ವಾರಕ್ಕೊಮ್ಮೆ ಹೋಗಿ ಮಂಚದ ಪಕ್ಕ ಕೂತು ಪ್ರಶ್ನೆಗಳನ್ನು ಓದುತ್ತಿದ್ದೆ. ಅವರು ಪಿಸುಗುಟ್ಟಿ ಒಂದೆರಡು ಮಾತು ಹೇಳುತ್ತಿದ್ದರು. ಆಮೇಲಾಮೇಲೆ ಬರೀ ತಲೆಯಾಡಿಸಿದರು. ಕೊನೆಯ ವಾರದಲ್ಲಿ ಕಣ್ಣು ಬಿಡಲೇ ಇಲ್ಲ. ಆಗಲೂ ಹೆಂಗಸರು ಕೇಳುತ್ತಲೇ ಇದ್ದರು. ನಾನು ಅವರ ಕೈ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಉತ್ತರ ಬರೆದದ್ದಿದೆ.

ಆವಣಿ ತಿಂಗಳ ಒಂದು ಬೆಳಿಗ್ಗೆ, ದೀಪಾವಳಿಗೆ ಇನ್ನೆರಡು ತಿಂಗಳಿರುವಾಗ, ಮಗ ಫೋನ್ ಮಾಡಿದರು. ನಾನು ತಲುಪುವ ಹೊತ್ತಿಗೆ ಬೀದಿ ತುಂಬಿತ್ತು. ಅಂಗಡಿಯ ಕೋಣೆಯಲ್ಲೇ ಮಲಗಿಸಿದ್ದರು, ಸುತ್ತ ಸೀರೆಗಳನ್ನು ಯಾರೂ ತೆಗೆದಿರಲಿಲ್ಲ. ನೆಂಟರಲ್ಲೊಬ್ಬರು ನಾನು ಯಾರೆಂದು ಕೇಳಿದರು. “ಫೋನ್ ಕೆಲಸದ ಹುಡುಗಿ” ಎಂದು ಇನ್ಯಾರೋ ಹೇಳಿದರು. ಸುಳ್ಳೇನಲ್ಲ. ಮಗಳ ಸರದಿ, ಸೊಸೆಯ ಸರದಿ, ತವರಿನವರ ಸರದಿ ಎಂದು ಅಳುವುದಕ್ಕೂ ಅಲ್ಲಿ ಒಂದು ಸಾಲಿತ್ತು. ನಾನು ಯಾವ ಸಾಲಿನಲ್ಲೂ ಇರಲಿಲ್ಲ. ಬಾಗಿಲ ಬಳಿ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಕೈಯಲ್ಲಿದ್ದ ಫೋನು ನಡುಗಿತು. ಒಬ್ಬಳು ಕೇಳಿದ್ದಳು: ಅಮ್ಮಾ, ಮಾವಿನ ಚಿಗುರಿನ ಬಣ್ಣದ್ದು ಇದೆಯಾ?

ಕರ್ಮ ಮುಗಿದ ಮೇಲೆ ಮಗ ನನ್ನನ್ನು ಕರೆಸಿದರು. ತಲೆ ಬೋಳಿಸಿಕೊಂಡಿದ್ದರು, ಹತ್ತು ವರ್ಷ ದೊಡ್ಡವರಾದ ಹಾಗೆ ಕಂಡರು.

“ಹಳೇ ವೀಡಿಯೋ ಎಷ್ಟು ಅದೆ ತಂಗಚ್ಚಿ?”

“ದೀಪಾವಳಿಯ ತನಕ ಆಗುತ್ತೆ ಅಣ್ಣ.”

“ಅದನ್ನೇ ಆಕ್ತಾ ಇರು. ಅವ್ವ ಓಗ್ಬುಟ್ಲು ಅಂತ ಈಗ್ಲೇ ಏಳ್ಬೇಡ. ಅವಳ ಮುಖ ನೋಡೇ ಜನ ತಕ್ಕೊಳೋದು. ದೀಪಾವಳಿ ಯಾಪಾರ ಕೆಟ್ರೆ ನಮ್ಗೆ ನೇಯೋರ ಮನೆಗಳೂ ಕೈ ಕಟ್ಕೊಂಡು ಕೂರ್ಬೇಕು.” ಆಮೇಲೆ ತಲೆಯೆತ್ತದೆ ಕೇಳಿದರು. “ಸೂಟಿಂಗು ಇಲ್ಲ, ನೀನು ಬಂದು ಓಗೋದಿಲ್ಲ. ಬದಿಲು ಬರೆಯೋದು ಮಾತ್ರ. ಅದಕ್ಕೆ ಒಂದು ರೇಟು ಏಳು.”

ಅವರು ಕೆಟ್ಟವರಲ್ಲ. ಕೇಳಿದ್ದು ನ್ಯಾಯವಾಗಿಯೇ ಇತ್ತು. ಚಿತ್ರೀಕರಣಕ್ಕೆ ಇಷ್ಟು, ಎಡಿಟಿಂಗ್‌ಗೆ ಇಷ್ಟು ಎಂದು ಎಷ್ಟು ಅಂಗಡಿಗಳಲ್ಲಿ ಕೂತು ನಾನೇ ಲೆಕ್ಕ ಒಪ್ಪಿಸಿದ್ದೇನೆ. ಆದರೆ ಅವತ್ತು ಬಾಯಿಂದ ಒಂದು ಅಂಕೆಯೂ ಹೊರಡಲಿಲ್ಲ.

“ನಂಗೆ ಬರೆಯಕ್ಕಾಗಲ್ಲ ಅಣ್ಣ. ಅವರು ಇದ್ರು, ಅದಕ್ಕೆ ಬರೀತಿದ್ದೆ” ಎಂದೆ.

ಬಾಗಿಲ ಬಳಿ ನಿಂತಿದ್ದ ಸೊಸೆ, ಅದುವರೆಗೆ ನನ್ನೊಡನೆ ಹೆಚ್ಚು ಮಾತಾಡದವರು, ಗಂಡನಿಗೆ ಹೇಳಿದರು. “ಅತ್ತೆ ಎಂಗವ್ರೆ ಅಂತ ದಿನಾ ಕೇಳ್ತಾರಲ್ಲ, ಅದಕ್ಕೆ ಏನು ಏಳ್ತೀರ? ಚೆನ್ನಾಗವ್ರೆ ಅಂತಾನಾ?”

ಮಗ ಗೋಡೆಗೆ ತಲೆಯಾನಿಸಿಕೊಂಡು ಅತ್ತರು. ಹೆಣದ ಮುಂದೆ ಅಳದವರು ಆಗ ಅತ್ತರು. ಆಮೇಲೆ ಮುಖ ಒರೆಸಿಕೊಂಡು, “ಬರೆ ತಂಗಚ್ಚಿ. ನಿಜವನ್ನೇ ಬರೆ” ಎಂದರು.

ಅಲ್ಲೇ ಕೂತು ಬರೆದೆ. ಆ ಪೇಜ್‌ನಲ್ಲಿ ಅದುವರೆಗೆ ‘ನಾನು’ ಎಂದಷ್ಟೇ ಇತ್ತು. ಮೊದಲ ಸಲ ‘ಅವರು’ ಎಂದು ಬರೆದಾಗ ನನಗೆ ಅವರು ಸತ್ತದ್ದು ತಿಳಿಯಿತು. ಸಾವಿನ ಮನೆಯಲ್ಲೂ, ಸುಡುಗಾಡಿನಿಂದ ಗಂಡಸರು ಮರಳಿದಾಗಲೂ ತಿಳಿಯದಿದ್ದದ್ದು ಆ ಒಂದು ಪದದಲ್ಲಿ ತಿಳಿಯಿತು.

ಸಂಜೆಯೊಳಗೆ ನೂರಾರು ಮಂದಿ ಬರೆದರು. ಹೊಸೂರಿನಾಕೆ ಬರೆದಳು, ನರ್ಸ್ ಬರೆದಳು. ಒಬ್ಬ ತಾಯಿಯ ಮಾತು ಇಂದಿಗೂ ಮರೆತಿಲ್ಲ: “ಮಗುವಿಗೆ ಜ್ವರ ಎಂದಾಗ ಅಮ್ಮ ಎಷ್ಟು ಧೈರ್ಯ ಹೇಳಿದರು. ತಮಗೇ ಅಷ್ಟು ಕಷ್ಟವಿದ್ದಾಗ ನನ್ನ ಜೊತೆ ಮಾತಾಡಿದರಲ್ಲ.” ಅದು ಕೊನೆಯ ವಾರ. ದೊಡ್ಡವ್ವನಿಗೆ ಎಚ್ಚರವಿರಲಿಲ್ಲ. ಆ ಧೈರ್ಯದ ಮಾತು ನಾನು ಬರೆದದ್ದು. ಆದರೆ ನನ್ನ ಸ್ವಂತ ಬದುಕಿನಲ್ಲಿ ನಾನು ಯಾರಿಗೂ ಅಂಥ ಮಾತು ಹೇಳಿದವಳಲ್ಲ. ಅದು ಅವರಿಂದಲೇ ನನಗೆ ಬಂದದ್ದು. ಆ ತಾಯಿಗೆ ಮಾತ್ರ ನಾನು ಉತ್ತರ ಬರೆಯಲಿಲ್ಲ.

ಆ ತಿಂಗಳೇ ಪೇಜನ್ನು ಸೊಸೆಯ ಕೈಗೆ ಒಪ್ಪಿಸಿದೆ. ದೀಪಾವಳಿಗೆ ವ್ಯಾಪಾರ ಇಳಿಯಿತು, ಎರಡು ಮಗ್ಗ ನಿಂತವು ಎಂದು ಕೇಳಿದೆ. ಆಮೇಲೆ ಸೊಸೆ ತಾವೇ ಕ್ಯಾಮೆರಾದ ಮುಂದೆ ನಿಂತು ಮಾತಾಡತೊಡಗಿದರು. ತಡವರಿಸುತ್ತಾರೆ, ಆದರೂ ಜನ ಬರುತ್ತಿದ್ದಾರಂತೆ. ಒಂದು ಸಲ ತೆರೆದು ನೋಡಿದೆ. ಹಿಂದೆ ಅದೇ ಗೋಡೆ, ಅವೇ ಸೀರೆಗಳು. ಪೂರ್ತಿ ನೋಡಲಾಗಲಿಲ್ಲ.

ಕಳೆದ ತಿಂಗಳು ಕಂಬಂನಿಂದ ದ್ರಾಕ್ಷಿ ತೋಟದವರೊಬ್ಬರು ಕರೆದರು. ಒಳ್ಳೆಯ ತೋಟ, ಒಳ್ಳೆಯ ಜನ. ಅವರೂ ನಮ್ಮ ಮಾತಿನವರೇ. ಚಪ್ಪರದ ಕೆಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ತಮ್ಮ ತಾಯಿಯನ್ನು ಕರೆದರು. “ನಮ್ಮವ್ವ ಚೆನ್ನಾಗಿ ಮಾತಾಡ್ತಾಳೆ. ಅವಳನ್ನೇ ವೀಡಿಯೋದಲ್ಲಿ ನಿಲ್ಸೋಣ. ಬದಿಲೆಲ್ಲ ಅವಳು ಏಳ್ದಂಗೆ ನೀವೇ ಬರೀರಿ” ಎಂದರು. ಆ ಮುದುಕಿ ಕೈಯೊರೆಸಿಕೊಳ್ಳುತ್ತ ಬಂದು, ನಾಚುತ್ತ ನನ್ನ ಪಕ್ಕ ಕೂತರು.

ನಾನು ಬೆಲೆ ಹೇಳಿದೆ. ಬೇಕೆಂದೇ ಅವರು ಒಪ್ಪಲಾರದಷ್ಟು ದೊಡ್ಡ ಬೆಲೆ ಹೇಳಿದೆ. ಅವರ ಮುಖ ಸಣ್ಣದಾಯಿತು, ಯೋಚಿಸಿ ತಿಳಿಸುತ್ತೇವೆ ಎಂದರು. ತಾಯಿ ಏನೂ ತಿಳಿಯದೆ ನನ್ನನ್ನೂ ಮಗನನ್ನೂ ನೋಡುತ್ತಿದ್ದರು. ಕೈ ಮುಗಿದು ಎದ್ದು ಬಂದೆ. ಬಸ್ಸಿಗಾಗಿ ಕಾಯುವಾಗ ಅಳು ಬಂತು.